ಜರ್ಮನ್ ಗಾಡಿ ಮತ್ತು ಅಪ್ಪನ ಉಸಿರು

ಅಪ್ಪಾ,

ಕಾಗದ ಬರೆಯುವಾಗ ಮೊದಲು ಎದುರಿನವರ ಆರೋಗ್ಯ ವಿಚಾರಿಸಬೇಕು ಎಂದು ಹೇಳಿಕೊಟ್ಟವರು ನೀವೇ. ಈಗ ಯಾವ ಬಾಯಲ್ಲಿ ವಿಚಾರಿಸಲಿ? ವಿಚಾರಿಸಿದರೂ "ಫಸ್ಟ್ ಕ್ಲಾಸ್ ಕಣೇ" ಎಂದೇ ಹೇಳುತ್ತೀರಿ. ಆ ಉತ್ತರವನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ. ಅದಕ್ಕೇ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಮೊನ್ನೆ ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ನನ್ನ ಸ್ಕೂಟರಿನ ಮುಂದೆ ನಿಮ್ಮ ಮೆಚ್ಚಿನ ಜರ್ಮನ್ ಕಂಪನಿಯ ಕಾರು ನಿಂತಿತ್ತು. ಬೂದು ಬಣ್ಣದ ಹೊಸ ಗಾಡಿ. ಉಳಿದವರು ಕಾರು ಕಂಡರೆ ಬಣ್ಣ ನೋಡುತ್ತಾರೆ, ಒಳಗೆ ಯಾರು ಕೂತಿದ್ದಾರೆ ಎಂದು ಇಣುಕುತ್ತಾರೆ. ನಾನು ಬಗ್ಗಿ ಸೈಲೆನ್ಸರ್ ನೋಡುತ್ತೇನೆ. ನೀವು ಅಂಟಿಸಿಹೋದ ಚಟ. ಕೊಳವೆಯ ಬಾಯಿ ಈಗಷ್ಟೇ ಒರೆಸಿಟ್ಟ ಹಾಗಿತ್ತು, ಹೊಗೆಯ ಎಳೆಯೂ ಇರಲಿಲ್ಲ. ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ ಎಂದು ಯೋಚಿಸುತ್ತಾ... ಹಿಂದಿನವನು ಹಾರ್ನ್ ಹೊಡೆದು, "ಮೇಡಂ, ಇಲ್ಲೇ ಮನೆ ಮಾಡ್ತೀರಾ?" ಎಂದು ಕೂಗುವವರೆಗೂ ಹಸಿರು ಬಿದ್ದದ್ದು ಗೊತ್ತಾಗಲಿಲ್ಲ. ನೀವು ಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನ ನಿಮ್ಮ ಮೇಲೆ ಸಿಟ್ಟಿತ್ತು, ಬರೆಯಲಿಲ್ಲ. ಈಗ ನಿಮಗೊಂದು ಸುದ್ದಿ ಹೇಳಲೇಬೇಕಾಗಿದೆ, ಬರೆಯುತ್ತಿದ್ದೇನೆ.

ಕಾರ್ಖಾನೆ ಮುಚ್ಚಿದ ದಿನ ನೀವು ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ನಾನಾಗ ಕಾಲೇಜಿನಲ್ಲಿದ್ದೆ. ಬೇರೆಯವರೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ ನೀವು ಕೈಯಲ್ಲೊಂದು ಸಣ್ಣ ಸ್ಪ್ಯಾನರ್ ಹಿಡಿದು ಬಂದಿರಿ. "ಇಪ್ಪತ್ತೆರಡು ವರ್ಷ ಆ ಜರ್ಮನ್ ಲೇತ್ ಮುಂದೆ ನಿಂತಿದೀನಿ. ಒಂದು ದಿನ, ಒಂದೇ ಒಂದು ದಿನ ಅದು ನಂಗೆ ತಪ್ಪು ಅಳತೆ ಕೊಡ್ಲಿಲ್ಲ ಕಣೇ. ಮನುಷ್ಯರು ಕೊಟ್ರು," ಎಂದಿರಿ. ನಿಮ್ಮ ಜರ್ಮನ್ ಭಕ್ತಿಯ ಬೇರು ಅಲ್ಲಿತ್ತು. ಆಮೇಲೆ ಒಂದು ತಿಂಗಳು ಮನೆಯಲ್ಲಿ ಸುಮ್ಮನೆ ಕೂತು, ಅಮ್ಮನ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಅವಳಿಂದ ಬೈಸಿಕೊಂಡು, ಕಡೆಗೆ ಒಂದು ಹಳೆಯ ವ್ಯಾನ್ ತಂದಿರಿ. ಸೈಲೆನ್ಸರಿನೊಳಗೆ ಪೈಪ್ ಇಟ್ಟು ಹೊಗೆ ಪರೀಕ್ಷಿಸುವ ಮೆಷಿನ್, ಒಂದು ಕಂಪ್ಯೂಟರ್, ನಂಬರ್ ಪ್ಲೇಟ್ ಫೋಟೋಕ್ಕೊಂದು ಕ್ಯಾಮೆರಾ. ಬನಶಂಕರಿ ಮೂರನೇ ಸ್ಟೇಜಿನ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಅದನ್ನು ನಿಲ್ಲಿಸಿದಿರಿ. ಇಟ್ಟಮಡುವಿನ ನಮ್ಮ ಮನೆಯಿಂದ ನಡೆದರೆ ಹದಿನೈದು ನಿಮಿಷ. ನಿಮ್ಮ ಉಳಿದ ಆಯಸ್ಸೆಲ್ಲ ಅಲ್ಲೇ ಕಳೆಯಿತು.

ಒಂದು ಶನಿವಾರ ನಾನು ನಿಮಗೆ ಊಟದ ಡಬ್ಬಿ ತಂದಾಗ ಒಬ್ಬರು ದೊಡ್ಡ ಮನುಷ್ಯರು ಕಾರಿನ ಗಾಜು ಅರ್ಧ ಇಳಿಸಿ, "ಪೈಪ್ ಎಲ್ಲ ಯಾಕೆ ಸಾರ್, ಫೋಟೋ ಹೊಡ್ದು ಸರ್ಟಿಫಿಕೇಟ್ ಕೊಟ್ಬಿಡಿ, ಅರ್ಜೆಂಟಲ್ಲಿದೀನಿ," ಎಂದರು. ಊರಿನಲ್ಲಿ ಎಷ್ಟೋ ಕಡೆ ಹಾಗೇ ನಡೆಯುತ್ತದೆ ಎಂದು ನಮಗೆಲ್ಲ ಗೊತ್ತು. ನೀವು ಕೈ ಜೋಡಿಸಿ ನಕ್ಕಿರಿ. "ಏನ್ ಮಾಡ್ಲಿ ಸಾರ್, ಪೈಪ್ ಒಳಗೆ ಹೋಗ್ದೆ ನನ್ ಪ್ರಿಂಟರ್ ಪೇಪರ್ ಬಿಡಲ್ಲ. ತುಂಬಾ ಮೊಂಡು." ಪ್ರಿಂಟರಿಗೆ ಯಾವ ಮೊಂಡೂ ಇರಲಿಲ್ಲ, ಮೊಂಡು ನೀವು. ಆಟೋದವರು ಪರೀಕ್ಷೆಗೆ ಬರುವ ಮುಂಚೆ ಗ್ಯಾರೇಜಿನಲ್ಲಿ ಸ್ಕ್ರೂ ತಿರುಗಿಸಿ ಹೊಗೆ ಕಡಿಮೆ ಮಾಡಿಸಿಕೊಂಡು, ಸರ್ಟಿಫಿಕೇಟ್ ಸಿಕ್ಕ ಮೇಲೆ ಮತ್ತೆ ಮೊದಲಿನಂತೆ ತಿರುಗಿಸಿಕೊಳ್ಳುತ್ತಿದ್ದರಲ್ಲ, ಅವರನ್ನೂ ಇಂಜಿನ್ ಸದ್ದಿನಲ್ಲೇ ಹಿಡಿಯುತ್ತಿದ್ದಿರಿ. "ನಾಳೆ ಬಾ ಗುರು. ಇವತ್ತು ನಿನ್ ಗಾಡಿ ಬೇಕೂಂತ ಒಳ್ಳೇದಾಗಿದೆ," ಎಂದು ಕಳಿಸುತ್ತಿದ್ದಿರಿ. ಅವರು ಬೈದುಕೊಂಡು ಹೋಗುತ್ತಿದ್ದರು, ಮರುದಿನ ಬರುತ್ತಲೂ ಇದ್ದರು.

ಕಾಯುವವರಿಗೆ ನೀವು ಕಥೆ ಹೇಳುತ್ತಿದ್ದಿರಿ. ಒಂದೇ ಕಥೆ, ಅದೇ ಜರ್ಮನ್ ಕಂಪನಿಯದು. ನನಗೆ ಈಗಲೂ ಬಾಯಿಪಾಠ. ಅಲ್ಲಿನ ಸರ್ವಾಧಿಕಾರಿ ಬಡವರಿಗೂ ಕಾರು ಕೊಡುತ್ತೇನೆ ಎಂದು ಜನರಿಂದ ವಾರ ವಾರ ದುಡ್ಡು ಕಟ್ಟಿಸಿಕೊಂಡು ಪುಸ್ತಕದಲ್ಲಿ ಚೀಟಿ ಅಂಟಿಸಿದ್ದು, ಪುಸ್ತಕ ತುಂಬಿದರೂ ಯಾರಿಗೂ ಕಾರು ಸಿಗದೆ ಯುದ್ಧ ಬಂದದ್ದು, ಆ ಕಾರ್ಖಾನೆಯಲ್ಲಿ ಸೆರೆಯಾಳುಗಳನ್ನು ದುಡಿಸಿ ಸೈನ್ಯದ ಗಾಡಿ ಮಾಡಿಸಿದ್ದು. ಅಲ್ಲಿ ನೀವು ಸ್ವಲ್ಪ ನಿಲ್ಲಿಸುತ್ತಿದ್ದಿರಿ. "ಹುಟ್ಟಿದ್ದು ಪಾಪದಲ್ಲಿ ಸಾರ್. ಅದನ್ನ ಮುಚ್ಚಿಡಬಾರ್ದು," ಎನ್ನುತ್ತಿದ್ದಿರಿ. ಆಮೇಲೆ ನಿಮ್ಮ ದನಿ ಏರುತ್ತಿತ್ತು. ಬಾಂಬು ಬಿದ್ದು ಅರ್ಧ ಮುರಿದ ಕಾರ್ಖಾನೆಯನ್ನು ಗೆದ್ದ ದೇಶದ ಕಂಪನಿಗಳೂ ಬೇಡ ಎಂದವು, ಈ ಗುಂಡಗಿನ ವಿಕಾರವನ್ನು ಯಾರು ಕೊಳ್ಳುತ್ತಾರೆ ಎಂದವು. ಶತ್ರು ಸೈನ್ಯದ ಒಬ್ಬ ಅಧಿಕಾರಿ ಮಾತ್ರ ಹಟ ಹಿಡಿದು ಅದನ್ನು ಮತ್ತೆ ನಡೆಸಿದ. ಆ ಗುಂಡು ಬೆನ್ನಿನ ಪುಟ್ಟ ಕಾರು ಕೋಟಿಗಟ್ಟಲೆ ಮಾರಾಟವಾಯಿತು. ಮೇಷ್ಟ್ರು, ನರ್ಸು, ಅಂಗಡಿಯವರು, ಎಲ್ಲರೂ ಕೊಂಡರು. "ಕೆಟ್ಟ ಹೊಟ್ಟೇಲಿ ಹುಟ್ಟಿದ ಮಗು ಒಳ್ಳೇದಾಗಿ ಬೆಳೀತು ನೋಡಿ," ಎಂದು ಮುಗಿಸುವ ಹೊತ್ತಿಗೆ ಗಿರಾಕಿಯ ಸರ್ಟಿಫಿಕೇಟ್ ಪ್ರಿಂಟ್ ಆಗಿ ಬಹಳ ಹೊತ್ತಾಗಿರುತ್ತಿತ್ತು.

ಜಯನಗರದ ನಾಲ್ಕನೇ ಟಿ ಬ್ಲಾಕಿನ ವಯಸ್ಸಾದ ಲಾಯರೊಬ್ಬರು ಅಂಥದ್ದೇ ಒಂದು ಹಳೆಯ ಗುಂಡು ಕಾರನ್ನು ಪರೀಕ್ಷೆಗೆ ತಂದ ದಿನ ನೀವು ಮನೆಗೆ ಬಂದು ಕೈ ಕಾಲು ತೊಳೆಯುವುದನ್ನೂ ಮರೆತಿರಿ. ಬಂಕಿನ ಮಂಜಣ್ಣ ಮುಂದಿನ ಬಾನೆಟ್ ಎತ್ತಿ, "ಅಣ್ಣಾ, ಇಂಜಿನ್ನೇ ಇಲ್ಲ, ಯಾರೋ ಎತ್ಕೊಂಡು ಹೋಗಿದಾರೆ!" ಎಂದು ಗಾಬರಿಯಾದನಂತೆ. ಇಂಜಿನ್ ಹಿಂದೆ ಇರುತ್ತದೆ ಎಂದು ನೀವು ತೋರಿಸಿದಿರಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದಿರಿ. ಪರೀಕ್ಷೆಯಲ್ಲಿ ಪಾಸಾಯಿತಾ ಎಂದು ನಾನು ಕೇಳಿದೆ. ನಿಮ್ಮ ಮುಖ ಸಣ್ಣದಾಯಿತು. "ಇಲ್ಲ. ಫೇಲ್. ಕಾರ್ಬುರೇಟರ್ ಕ್ಲೀನ್ ಮಾಡಿಸ್ಕೊಂಡು ಬನ್ನಿ ಅಂತ ಕಳಿಸ್ದೆ." ನಿಮ್ಮ ದೇವರನ್ನೇ ನೀವು ಫೇಲ್ ಮಾಡಿದಿರಿ! ಅಂಥ ಮನುಷ್ಯ ನೀವು ಎಂದು ನಾನು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದ್ದೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ, ಬಂದ ನಂಬರನ್ನು ಬಂದ ಹಾಗೇ ಬರೆಯಬೇಕು ಎಂಬ ಪಾಠ ಕಾಲೇಜಿನಿಂದ ಬಂದದ್ದಲ್ಲ.

ಪೇಪರಿನಲ್ಲಿ ಆ ಸುದ್ದಿ ಬಂದ ಬೆಳಿಗ್ಗೆ ಉಪ್ಪಿಟ್ಟು ತಣ್ಣಗಾಗುತ್ತಿತ್ತು. ನಿಮ್ಮ ಜರ್ಮನ್ ಕಂಪನಿ ಡೀಸೆಲ್ ಗಾಡಿಗಳಿಗೆ ಒಂದು ಗುಟ್ಟಿನ ಸಾಫ್ಟ್‌ವೇರ್ ಹಾಕಿತ್ತು. ಸ್ಟೀರಿಂಗ್ ಅಲುಗದೆ ಚಕ್ರ ಮಾತ್ರ ತಿರುಗುತ್ತಿದ್ದರೆ, ಇದು ರಸ್ತೆಯಲ್ಲ, ಪರೀಕ್ಷೆ ನಡೆಯುತ್ತಿದೆ ಎಂದು ಗಾಡಿಗೆ ಗೊತ್ತಾಗುತ್ತಿತ್ತು. ಆಗ ಅದು ಸಭ್ಯವಾಗುತ್ತಿತ್ತು. ರಸ್ತೆಗಿಳಿದ ಮೇಲೆ ಅದರ ನಿಜವಾದ ಹೊಗೆ ಶುರು. ಕಣ್ಣಿಗೆ ಕಾಣದ ಒಂದು ಗಾಳಿ, ಎದೆಗೆ ಕೆಟ್ಟದ್ದು. ಅಮೆರಿಕದಲ್ಲಿ ಯಾರೋ ಹಟಮಾರಿಗಳು ಕಾರಿನ ಹಿಂದೆ ಮೆಷಿನ್ ಕಟ್ಟಿಕೊಂಡು ನಿಜವಾದ ರಸ್ತೆಯಲ್ಲಿ ದೂರ ದೂರ ಓಡಿಸಿದಾಗ ಬಣ್ಣ ಬಯಲಾಯಿತು. ನೀವು ಆ ಸುದ್ದಿಯನ್ನು ಎರಡು ಸಲ ಓದಿದಿರಿ. "ನನ್ ಮೆಷಿನ್ನಿಗೆ ಆ ಗಾಳಿ ಕಾಣೋದೇ ಇಲ್ವಲ್ಲೇ ಸುಮಾ," ಎಂದಿರಿ. "ನಾನು ಹೊಗೆ ಎಷ್ಟು ಕಪ್ಪಗಿದೆ ಅಂತ ನೋಡ್ತೀನಿ, ಅಷ್ಟೇ. ಇಷ್ಟು ವರ್ಷ ನಾನು ಏನ್ ನೋಡ್ದೆ ಹಾಗಾದ್ರೆ?" ಉಪ್ಪಿಟ್ಟು ಮುಟ್ಟದೆ ಎದ್ದುಹೋದಿರಿ.

ಅವತ್ತು ಸಂಜೆ ಬಂಕಿನ ಹತ್ತಿರ ಬಂದರೆ ಮಂಜಣ್ಣ ನಿಮ್ಮ ಕಾಲೆಳೆಯುತ್ತಿದ್ದ. "ಏನ್ ಗುರುಗಳೇ, ನಿಮ್ ಜರ್ಮನ್ ಹೊಗೆ ಹಾಕಿಸ್ಕೊಂತಂತೆ!" ನೀವು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ನಮ್ ಆಟೋದೋರು ಸ್ಕ್ರೂಡ್ರೈವರಲ್ಲಿ ಮಾಡೋದನ್ನ ಅವ್ರು ಕಂಪ್ಯೂಟರಲ್ಲಿ ಮಾಡಿದಾರೆ ಮಂಜ, ಬೇರೇನಿಲ್ಲ," ಎಂದಿರಿ. ಮನೆಗೆ ನಡೆಯುವಾಗ ನನ್ನನ್ನು ಒಂದು ಮಾತು ಕೇಳಿದಿರಿ. "ಅಲ್ವೇ, ಅದನ್ನ ಮಾಡಿದ ಇಂಜಿನಿಯರ್ರು ಒಬ್ಬ ಇರ್ತಾನಲ್ಲ, ಅವ್ನು ಸಂಜೆ ಮನೆಗೆ ಹೋಗಿ ಹೆಂಡ್ತಿ ಮುಂದೆ ಹೇಗೆ ಕೂತ್ಕೊಂಡಿರ್ತಾನೆ?" ನಾನು, "ಅವ್ನಿಗೇನಪ್ಪ, ಸಂಬಳ ಬರುತ್ತೆ, ಊಟ ಮಾಡಿ ಮಲಗ್ತಾನೆ," ಎಂದು ತೇಲಿಸಿದೆ. ನೀವು ಅಂದಿನಿಂದ ಗಿರಾಕಿಗಳಿಗೆ ಆ ಕಥೆ ಹೇಳುವುದನ್ನು ನಿಲ್ಲಿಸಿದಿರಿ. ಯಾರಾದರೂ ಕೇಳಿದರೆ, "ಕಥೆ ಇನ್ನೂ ಮುಗಿದಿಲ್ಲ ಸಾರ್," ಎನ್ನುತ್ತಿದ್ದಿರಿ.

ನಿಮ್ಮ ಕೆಮ್ಮು ಯಾವಾಗ ಶುರುವಾಯಿತು? ಇದನ್ನು ನಾನು ಎಷ್ಟು ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಬೇಗೂರಿನ ನಾಗೇಶ್ವರನ ಗುಡಿಗೆ ಹೋದ ವರ್ಷ ಇತ್ತೇ? ಅದಕ್ಕೂ ಮುಂಚೆಯೇ ಇತ್ತೇ? ಎದೆಯ ಡಾಕ್ಟರ ಹತ್ತಿರ ನಿಮ್ಮನ್ನು ಎಳೆದುಕೊಂಡು ಹೋದದ್ದು ಮಾತ್ರ ಸ್ಪಷ್ಟವಾಗಿದೆ. ಜಯನಗರದ ಆ ಪುಟ್ಟ ಕ್ಲಿನಿಕ್. ಡಾಕ್ಟರು ನಿಮ್ಮ ಎದೆಗೆ ಕಿವಿಕೊಟ್ಟು ಕೇಳಿ, "ಯಜಮಾನ್ರೇ, ನಿಮ್ ಕೆಲ್ಸ ಏನು?" ಎಂದರು. ನೀವು ಹೇಳಿದಿರಿ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಇಪ್ಪತ್ತು ವರ್ಷ ಸೈಲೆನ್ಸರ್ ಪಕ್ಕ ಕೂತಿದೀರಿ. ಸಾಕು. ವ್ಯಾನ್ ನಿಲ್ಸಿ." ನೀವು ಜೀವಮಾನದಲ್ಲಿ ಯಾರಿಗೂ ಹಾಗೆ ಅಂಗಲಾಚಿದ್ದನ್ನು ನಾನು ಕಂಡಿರಲಿಲ್ಲ. "ಮನೇಲಿ ಕೂತ್ರೆ ಸತ್ತೋಗ್ತೀನಿ ಡಾಕ್ಟ್ರೇ. ಮಾಸ್ಕ್ ಹಾಕ್ಕೋತೀನಿ. ಮಧ್ಯಾಹ್ನಕ್ಕೆ ಮುಗಿಸ್ತೀನಿ."

ಒಪ್ಪಂದ ಮಾಡಿಸಿದವಳು ನಾನೇ. ಡಾಕ್ಟರು ಕೊಟ್ಟರಲ್ಲ, ಊದುವ ಪ್ಲಾಸ್ಟಿಕ್ ಕೊಳವೆ, ಜೋರಾಗಿ ಊದಿದರೆ ಮುಳ್ಳು ಮೇಲೇರಿ ಒಂದು ನಂಬರಿನ ಹತ್ತಿರ ನಿಲ್ಲುವಂಥದ್ದು. ದಿನಾ ಬೆಳಿಗ್ಗೆ ನನ್ನೆದುರಿಗೆ ಊದಬೇಕು. ಮುನ್ನೂರರ ಮೇಲಿದ್ದರೆ ವ್ಯಾನಿಗೆ ಹೋಗಬಹುದು. ಮೂರು ದಿನ ಸತತವಾಗಿ ಕೆಳಗೆ ಬಂದರೆ ವ್ಯಾನಿನ ಬೀಗದ ಕೈ ನನಗೆ ಕೊಡಬೇಕು. ಡಾಕ್ಟರು ಅರೆಮನಸ್ಸಿನಿಂದ ಹೂಂಗುಟ್ಟಿದರು. ಉಸಿರು ಕಟ್ಟಿದಾಗ ಮಾತ್ರ ಬಳಸಿ ಎಂದು ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಬಣ್ಣದ ಪಂಪು ಬರೆದುಕೊಟ್ಟರು. "ಇದು ಎದೆ ಬಿಡಿಸುತ್ತೆ, ರೋಗ ವಾಸಿ ಮಾಡಲ್ಲ. ಇದನ್ನ ಜಾಸ್ತಿ ಹೊಡ್ಕೊಂಡ್ರೆ ಒಳಗೆ ಕೆಡ್ತಿರೋದು ನಿಮಗೇ ಗೊತ್ತಾಗಲ್ಲ," ಎಂದು ಎರಡೆರಡು ಸಲ ಹೇಳಿದರು. ನೀವು ತಲೆಯಾಡಿಸಿದಿರಿ. ಎಷ್ಟು ವಿಧೇಯವಾಗಿ ತಲೆಯಾಡಿಸಿದಿರಿ ಅಪ್ಪಾ!

ಪ್ರತಿ ಬೆಳಿಗ್ಗೆ ಏಳು ಗಂಟೆಗೆ ನಾನು ಕೊಳವೆ ಹಿಡಿದು ನಿಮ್ಮ ಮುಂದೆ ನಿಲ್ಲುತ್ತಿದ್ದೆ. "ಇರು, ಪೇಪರ್ ಓದಿ ಮುಗಿಸ್ತೀನಿ," ಎಂದು ನೀವು ಕಾಯಿಸುತ್ತಿದ್ದಿರಿ. ಆಮೇಲೆ ಎದ್ದು ನಿಂತು, ಎದೆ ತುಂಬಾ ಗಾಳಿ ಎಳೆದು, ಕೆನ್ನೆ ಉಬ್ಬಿಸಿ, ಉಫ್. ಮುನ್ನೂರ ಇಪ್ಪತ್ತು. ಮುನ್ನೂರ ಮೂವತ್ತು. ಒಮ್ಮೆ ಮುನ್ನೂರ ನಲವತ್ತೂ ಬಂತು. "ಪಾಸಾ ಮೇಡಂ? ಸರ್ಟಿಫಿಕೇಟ್ ಕೊಡ್ತೀರಾ?" ಎಂದು ಕೈ ಕಟ್ಟಿಕೊಂಡು ಕೇಳುತ್ತಿದ್ದಿರಿ. ನಾನು ಕ್ಯಾಲೆಂಡರಿನಲ್ಲಿ ನಂಬರ್ ಬರೆದು ಕೆಳಗೆ ಸಹಿ ಹಾಕುತ್ತಿದ್ದೆ. ಒಂದು ವರ್ಷ ಎರಡು ತಿಂಗಳು ಹೀಗೆ ನಡೆಯಿತು, ಒಂದು ದಿನವೂ ನೀವು ಫೇಲಾಗಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಡಾಕ್ಟರು ಸುಮ್ಮನೆ ಹೆದರಿಸಿದ್ದು ಎಂದು ಅಮ್ಮನ ಹತ್ತಿರ ಜಂಬ ಕೊಚ್ಚಿದ್ದೆ. ಅಮ್ಮ ಹೂಂ ಎಂದಿದ್ದಳು, ಅಷ್ಟೇ.

ಸುಬ್ರಹ್ಮಣ್ಯಪುರದಲ್ಲಿ ಅಮ್ಮನ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೋದಾಗ ಮೊದಲ ಮಹಡಿ ಹತ್ತಲು ನೀವು ಮೂರು ಕಡೆ ನಿಂತಿರಿ. ನಿಂತ ಕಡೆಯಲ್ಲೆಲ್ಲ ಒಂದೊಂದು ನೆಪ. ಇಲ್ಲಿ ಗ್ರಾನೈಟ್ ಚೆನ್ನಾಗಿದೆ, ಅಲ್ಲಿ ತುಳಸಿ ಸೊಂಪಾಗಿದೆ, ಕಡೆಯಲ್ಲಿ ಚಪ್ಪಲಿಯ ಪಟ್ಟಿ ಸಡಿಲ. ನಿಮ್ಮ ಕತ್ತಿನ ನರ ಎದ್ದು ನಿಂತಿತ್ತು. ನನಗೆ ಕಂಡಿತು. ಕಾಣಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ರಾತ್ರಿ ಮಲಗಿದಾಗ ನಿಮ್ಮ ಎದೆಯ ಸಿಳ್ಳೆ ಕೇಳುತ್ತಿತ್ತು, ಅದೂ ಗೊತ್ತಿತ್ತು. ಆದರೆ ಕ್ಯಾಲೆಂಡರಿನಲ್ಲಿ ನನ್ನದೇ ಅಕ್ಷರದಲ್ಲಿ ಮುನ್ನೂರ ಇಪ್ಪತ್ತು ಎಂದಿತ್ತಲ್ಲ! ವಯಸ್ಸಾಯಿತು, ಹಾಗೇ ಇರುತ್ತದೆ ಎಂದುಕೊಂಡೆ. ನಿಮ್ಮನ್ನು ಎದುರಿಗೆ ಇಟ್ಟುಕೊಂಡು ನಿಮ್ಮನ್ನು ನೋಡದೆ ಮುಳ್ಳನ್ನು ನೋಡಿದವಳು ನಾನು.

ಮಂಜಣ್ಣ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿದ್ದೆ. "ಅಕ್ಕಾ, ಬೇಗ ಬನ್ನಿ, ಅಣ್ಣ ಒಂಥರಾ ಮಾಡ್ತಿದಾರೆ." ಮಧ್ಯಾಹ್ನ ಹನ್ನೆರಡರ ಬಿಸಿಲು. ಒಂದು ಸ್ಕೂಟರಿನ ಪರೀಕ್ಷೆ ನಡೆಸುತ್ತಿದ್ದಿರಂತೆ. ಪೈಪ್ ಒಳಗಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಡಮ್ಮಾ ಎಂದು ಆ ಹುಡುಗಿಗೆ ಹೇಳಿ, ಕುರ್ಚಿಯಲ್ಲಿ ಕೂತವರು ಮುಂದಕ್ಕೆ ಬಾಗಿದಿರಂತೆ. ನಾನು ಬರುವ ಹೊತ್ತಿಗೆ ಬಂಕಿನವರೆಲ್ಲ ಸುತ್ತ ನಿಂತಿದ್ದರು, ಆಂಬುಲೆನ್ಸಿನವರು ತಲೆಯಲ್ಲಾಡಿಸುತ್ತಿದ್ದರು. ಪರೀಕ್ಷೆ ಮುಗಿಸದೆ ಎದ್ದವರಲ್ಲ ನೀವು. ಅದೊಂದು ಮುಗಿಸಲಿಲ್ಲ...

ವೈಕುಂಠ ಸಮಾರಾಧನೆ ಮುಗಿದ ಮೇಲೆ ವ್ಯಾನ್ ಖಾಲಿ ಮಾಡಲು ಹೋದೆ. ಸೀಟಿನ ಕೆಳಗೆ ನಿಮ್ಮ ಟೂಲ್ ಪೆಟ್ಟಿಗೆ. ಸ್ಪ್ಯಾನರ್‌ಗಳು ಎತ್ತರದ ಪ್ರಕಾರ, ನಿಮ್ಮ ಶಿಸ್ತಿನಂತೆ. ಅವುಗಳ ಕೆಳಗೆ ಒಂದು ಬಟ್ಟೆಯಲ್ಲಿ ಸುತ್ತಿ ನೀಲಿ ಪಂಪುಗಳು. ಎಲ್ಲ ಖಾಲಿ. ನಾನು ನಿಮಗೆ ವರ್ಷದಲ್ಲಿ ತಂದುಕೊಟ್ಟದ್ದು ಮೂರು. ಅಲ್ಲಿ ಎಷ್ಟಿದ್ದವು ಎಂದು ಬರೆಯುವುದಿಲ್ಲ, ನಿಮಗೆ ಗೊತ್ತು. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ "ಇರು, ಪೇಪರ್ ಓದಿ ಮುಗಿಸ್ತೀನಿ" ಎಂಬ ಮಾತು ನೆನಪಾಗಿ ಅಲ್ಲೇ ಕೂತೆ. ಪಂಪು ಹೊಡೆದುಕೊಂಡರೆ ಎದೆ ಬಿಡಿಸಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ಪೇಪರ್. ಆಮೇಲೆ ಉಫ್. ಮುಳ್ಳು ಮೇಲಕ್ಕೆ. ಪಾಸಾ ಮೇಡಂ?

ನಿಮ್ಮ ಜರ್ಮನ್‌ನ ಕಥೆ ಇನ್ನೂ ಮುಗಿದಿಲ್ಲ ಎನ್ನುತ್ತಿದ್ದಿರಿ, ಅದನ್ನು ಹೀಗೆ ಮುಗಿಸುತ್ತೀರಿ ಎಂದು ನನಗೇನು ಗೊತ್ತು? ಪರೀಕ್ಷೆಯ ಹೊತ್ತಿಗೆ ಮಾತ್ರ ಒಳ್ಳೆಯದಾಗುವುದನ್ನು ಅದರಿಂದಲೇ ಕಲಿತಿರಾ? ಬೇರೆಯವರಿಗೆ, ಇವತ್ತು ನಿನ್ನ ಗಾಡಿ ಬೇಕೆಂದೇ ಒಳ್ಳೆಯದಾಗಿದೆ, ನಾಳೆ ಬಾ ಎಂದು ಕಳಿಸುತ್ತಿದ್ದವರು, ನನ್ನ ಮುಂದೆ ಒಂದು ವರ್ಷ ಎರಡು ತಿಂಗಳು, ಪ್ರತಿ ದಿನ, ನಗುನಗುತ್ತಾ... ತಿಂಗಳುಗಟ್ಟಲೆ ನಿಮ್ಮ ಫೋಟೋದ ಮುಂದೆ ದೀಪ ಹಚ್ಚುವುದನ್ನು ಅಮ್ಮನಿಗೇ ಬಿಟ್ಟಿದ್ದೆ. ಮುಖ ನೋಡಿದರೆ ಜಗಳ ಬರುತ್ತಿತ್ತು. ಫೋಟೋದ ಜೊತೆ ಹೇಗೆ ಜಗಳ ಆಡುವುದು? ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ಸಿಟ್ಟು. ನಾನು ಮಗಳಾಗಿ ನಿಂತಿದ್ದರೆ ನೀವು ಸುಳ್ಳು ಹೇಳುತ್ತಿರಲಿಲ್ಲವೇನೋ. ಇನ್‌ಸ್ಪೆಕ್ಟರಾಗಿ ನಿಂತೆ.

ಡಾಕ್ಟರ ಹತ್ತಿರ ಒಬ್ಬಳೇ ಹೋದೆ, ಪಂಪುಗಳ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ನೇರವಾಗಿ ಕೇಳಿದೆ: ವ್ಯಾನ್ ನಿಲ್ಲಿಸಿದ್ದರೆ, ನಿಜವಾದ ನಂಬರ್ ನಮಗೆ ಗೊತ್ತಾಗಿದ್ದರೆ? ಅವರು ಮೃದುವಾಗಿಯೇ ಹೇಳಿದರು, ಆದರೆ ಹೇಳಿದರು. "ಔಷಧಿ ಬದಲಾಯಿಸ್ತಿದ್ದೆ. ಹೊಗೆಯಿಂದ ದೂರ ಇಡ್ತಿದ್ದೆ. ಇನ್ನೂ ಒಂದಷ್ಟು ವರ್ಷ ಖಂಡಿತಾ ಇರ್ತಿದ್ರಮ್ಮ." ನಾನೇ ಕೇಳಿ ಪಡೆದ ಉತ್ತರ. ಅದನ್ನು ನುಂಗಿಕೊಂಡು ಮನೆಗೆ ಬಂದೆ. ಅಮ್ಮನಿಗೆ ಪಂಪುಗಳ ವಿಷಯವನ್ನಾಗಲೀ ಡಾಕ್ಟರ ಮಾತನ್ನಾಗಲೀ ಹೇಳಲಿಲ್ಲ. ಪಾಪ, ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದುಕೊಂಡಿದ್ದೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಸಿಗ್ನಲ್‌ನಲ್ಲಿ ಜರ್ಮನ್ ಗಾಡಿ ನೋಡಿದ ಸಂಜೆ ಮನೆಗೆ ಬಂದು ಅಮ್ಮನಿಗೆ ಅದನ್ನು ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಕೈ ನಿಂತಿತು. "ನಿಂಗೊಂದು ವಿಷ್ಯ ಹೇಳ್ಬೇಕು ಸುಮಾ. ಬೈಬೇಡ," ಎಂದಳು. ನೀವು ದಿನಾ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಪಂಪು ಹೊಡೆದುಕೊಳ್ಳುವುದು ಅವಳಿಗೆ ಗೊತ್ತಿತ್ತಂತೆ. ಬಚ್ಚಲಿಗೂ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ. ಪಂಪಿನ ಸದ್ದು, ಹಿಂದೆಯೇ ಬರುವ ಕೆಮ್ಮು, ಎಲ್ಲ ಕೇಳುತ್ತಿತ್ತಂತೆ. "ನಿಂಗೆ ಕೇಳಿಸ್ಬಾರ್ದು ಅಂತ ಆ ಹೊತ್ತಿಗೆ ಸರಿಯಾಗಿ ಮಿಕ್ಸಿ ಹಾಕ್ತಿದ್ದೆ. ನೀನು ಚಟ್ನಿ ಅನ್ಕೊಂಡಿದ್ದೆ. ಎಷ್ಟೋ ದಿನ ಒಳಗೆ ಬರೀ ನೀರು ಇರ್ತಿತ್ತು ಕಣೇ."

ಯಾಕಮ್ಮಾ ಎಂದಷ್ಟೇ ಕೇಳಿದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು. "ಭಾನುವಾರ ಅವ್ರು ಮನೇಲಿ ಕೂತಿರ್ತಿದ್ರಲ್ಲ, ನೋಡಿದೀಯಾ ನೀನು? ಬಾಡಿದ ಬಾಳೆಲೆ ಥರ. ಸೋಮವಾರ ಶರ್ಟ್ ಇಸ್ತ್ರಿ ಮಾಡ್ಕೊಂಡು ಹೊರಟ್ರೆ ಮತ್ತೆ ಮನುಷ್ಯ ಆಗ್ತಿದ್ರು. ಅದನ್ನ ಕಿತ್ಕೊಳ್ಳೋಕೆ ನಂಗೆ ಮನಸ್ಸು ಬರ್ಲಿಲ್ಲ. ಅವ್ರಿಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತು ಅಂತ. ಹೇಳಿದ್ರೆ ನಾಚ್ಕೊಳ್ತಿದ್ರು." ಕೇಳಿದಿರಾ ಅಪ್ಪಾ? ನನ್ನ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡಿದ್ದಿರಲ್ಲ, ಗೋಡೆಯ ಆ ಕಡೆ ನಿಂತು ಒಬ್ಬಳು ನಿಮಗಾಗಿ ಖಾಲಿ ಮಿಕ್ಸಿ ತಿರುಗಿಸುತ್ತಿದ್ದಳು. ನಿಮಗೂ ಗೊತ್ತಾಗದ ಹಾಗೆ.

ಆಮೇಲೆ ಅವಳು ತಲೆ ಎತ್ತಿದಳು. ಎಂಟು ತಿಂಗಳಿಂದ ಅವಳು ಯಾಕೆ ಸೊರಗುತ್ತಿದ್ದಾಳೆ ಎಂದು ನನಗೆ ಆಗ ತಿಳಿಯಿತು. ನೀವಿಲ್ಲದ ದುಃಖ ಎಂದುಕೊಂಡಿದ್ದೆ, ಅದೊಂದೇ ಆಗಿರಲಿಲ್ಲ. "ಡಾಕ್ಟ್ರ ಹತ್ರ ಹೋಗಿದ್ಯಲ್ಲ, ನಂಗೆ ಗೊತ್ತು, ರಸೀದಿ ನೋಡ್ದೆ. ಅವ್ರೇನಂದ್ರು? ನಾನು ಮಿಕ್ಸಿ ಹಾಕ್ದೆ ಇದ್ದಿದ್ರೆ... ನಿನ್ ಹತ್ರ ಅವತ್ತೇ ಹೇಳ್ಬಿಟ್ಟಿದ್ರೆ... ಇನ್ನೂ ಇರ್ತಿದ್ರಾ ಅವ್ರು?"

ಪೈಪ್ ಹಾಕದೆ ಪೇಪರ್ ಇಲ್ಲ ಎಂದು ಕಲಿಸಿದವರ ಮಗಳು ನಾನು. ಬಂದ ನಂಬರನ್ನು ಬಂದ ಹಾಗೇ ಬರೆಯುವವಳು. ಅಮ್ಮನ ಕಣ್ಣನ್ನೇ ನೋಡುತ್ತಾ ಹೇಳಿದೆ: "ಇಲ್ಲಮ್ಮ. ಅದನ್ನೇ ಕೇಳೋಕೆ ಹೋಗಿದ್ದೆ. ವ್ಯಾನ್ ನಿಲ್ಸಿದ್ರೂ ಅಷ್ಟೇ, ಪಂಪು ಹೊಡೀದೇ ಇದ್ರೂ ಅಷ್ಟೇ ಅಂದ್ರು. ಒಂದು ದಿನಾನೂ ವ್ಯತ್ಯಾಸ ಆಗ್ತಿರ್ಲಿಲ್ವಂತೆ. ಕೆಲ್ಸದಲ್ಲಿ ಖುಷಿಯಾಗಿದ್ರಲ್ಲ, ಅದಕ್ಕೇ ಅಷ್ಟಾದ್ರೂ ಇದ್ರು ಅಂದ್ರು." ನಾಲಿಗೆ ಒಂದು ಸಲವೂ ತೊದಲಲಿಲ್ಲ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ನಿಜ್ವಾಗ್ಲೂ ಹಾಗಂದ್ರಾ?" "ನಿಜ್ವಾಗ್ಲೂ." ಸೆರಗಿನಿಂದ ಮುಖ ಒರೆಸಿಕೊಂಡು, ಉಳಿದ ಹುರುಳಿಕಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವತ್ತು ಅನ್ನಕ್ಕೆ ಎರಡನೇ ಸಲ ಸಾರು ಹಾಕಿಸಿಕೊಂಡಳು ಅಪ್ಪಾ, ನೀವು ಹೋದ ಮೇಲೆ ಮೊದಲ ಸಲ.

ಡಾಕ್ಟರು ನಿಜವಾಗಿ ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ. ನನಗೆ ಅದನ್ನು ಹೊರುವ ಶಕ್ತಿಯಿದೆ, ಅವಳಿಗಿಲ್ಲ. ಸಿಟ್ಟು ಇಳಿಯಿತು ಎಂದು ಹೇಳಲಾರೆ, ಆದರೆ ನಿಮ್ಮ ಫೋಟೋದ ಮುಂದೆ ಈಗ ನಾನೇ ದೀಪ ಹಚ್ಚುತ್ತಿದ್ದೇನೆ.

ನಿಮ್ಮಿಂದ ಒಂದೇ ಒಂದು ಕೆಲಸ ಆಗಬೇಕು. ಅಮ್ಮ ಯಾವತ್ತೋ ಒಂದು ದಿನ ಅಲ್ಲಿಗೆ ಬರುತ್ತಾಳೆ. ಬಂದು ಕೂತು, ನೀರು ಕುಡಿದು, ಮೊದಲು ಕೇಳುವುದು ಇದನ್ನೇ; ನನ್ನ ಮಾತನ್ನು ಅವಳು ಪೂರ್ತಿ ನಂಬಿಲ್ಲ. ಆಗ ನೀವು ಸತ್ಯವಂತರಾಗಬೇಡಿ ಅಪ್ಪಾ. ನಾನು ಹೇಳಿದ್ದನ್ನೇ ಹೇಳಿ.

ನಿಮ್ಮ ಮಗಳು,
ಸುಮಾ